ಒಂಟಿ ಗುರುತಿನ ಮಾತುಗಳು

ಪುಸ್ತಕವನ್ನು ಓದದೆಯೇ ಪುಸ್ತಕ ಮಾಡಿಕೊಡುವವರು ಯಾರಾದರೂ ಇದ್ದರೆ ಅವರು ಪುಟ ಜೋಡಿಸುವವರು. ಹಾಗಂದೆನೆಂದು ಆ ಕಸುಬಿನವರು ಮುಖ ಊದಿಸಿಕೊಳ್ಳಬೇಕಾಗಿಲ್ಲ. ಓದುತ್ತ ಕೂತರೆ ಅವರ ಕೆಲಸ ಸಾಗುವುದಿಲ್ಲ. ಸಾಲು ಎಲ್ಲಿ ಮುರಿಯಿತು, ಪುಟದ ತುದಿಯಲ್ಲಿ ಒಂದೇ ಪದ ತಬ್ಬಲಿಯಾಗಿ ನಿಂತಿತೇ, ಯಾವ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ಬಂದು ಕೂತಿದೆ ಎಂದು ನೋಡುವ ಕಣ್ಣೇ ಬೇರೆ, ಮುಂದೇನಾಯಿತು ಎಂದು ನೋಡುವ ಕಣ್ಣೇ ಬೇರೆ. ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವಿನ ಒಂದೂವರೆ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಪುಟ ಜೋಡಿಸುತ್ತಿದ್ದ ಅಕ್ಷರದಕ್ಕನಿಗೆ ಮೊದಲನೆಯ ಕಣ್ಣು ಬಲು ಚುರುಕು. ಮದುವೆಯ ಕಾಗದ ಕೈಗೆ ಬಂದರೆ ಹುಡುಗ ಯಾರು, ಹುಡುಗಿ ಯಾರು ಎಂದು ನೋಡುವ ಮೊದಲೇ ಅಲ್ಪವಿರಾಮದ ಹಿಂದೆ ಸುಮ್ಮಸುಮ್ಮನೆ ಜಾಗ ಬಿಟ್ಟಿದ್ದಾರಲ್ಲ ಎಂದು ಕೊರಗುವವಳು ಅವಳು. ಅಕ್ಷರದಕ್ಕ ಎನ್ನುವ ಹೆಸರು ಬೀದಿಯವರು ಇಟ್ಟದ್ದು. ಮನೆಯಲ್ಲಿ ಅಪ್ಪ ಅಮ್ಮನಿಗೆ ಅವಳು ಇನ್ನೂ ಪಾಪುವೇ, ವಯಸ್ಸು ನಲವತ್ತು ದಾಟಿದ್ದರೂ.

ಅವಳ ಮೇಜಿನ ಮೇಲಿನ ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು. ಅದರಲ್ಲಿ ಹನ್ನೊಂದು ಮೆಟ್ಟಿಲು. ಯಾರೇ ಫೈಲು ತಂದುಕೊಡಲಿ, ಅದಕ್ಕೆ ಮೊದಲು ಸ್ನಾನ ಮಾಡಿಸಬೇಕು ಎನ್ನುವುದು ಅವಳ ಮಾತು. ಹಳೆಯ ಫಾಂಟಿನ ಅಕ್ಷರಗಳನ್ನು ಹೊಸದಕ್ಕೆ ತರುವುದು ಒಂದನೇ ಮೆಟ್ಟಿಲು. ಎರಡೆರಡು ಖಾಲಿ ಜಾಗಗಳನ್ನು ಒಂದು ಮಾಡುವುದು, ಗಿಡ್ಡ ಗೀಟುಗಳನ್ನು ಉದ್ದ ಮಾಡುವುದು, ಗುರುತು ಸಿಗದ ಡಬ್ಬಿಗಳನ್ನು ಕಿತ್ತುಹಾಕುವುದು, ಕಡ್ಡಿಯ ಹಾಗೆ ನೆಟ್ಟಗೆ ನಿಂತ ಉದ್ಧರಣ ಚಿಹ್ನೆಗಳನ್ನು ಮಾತು ಶುರುವಾಗುವಲ್ಲಿ ಒಂದು ಕಡೆಗೂ ಮುಗಿಯುವಲ್ಲಿ ಇನ್ನೊಂದು ಕಡೆಗೂ ಬಾಗಿಸುವುದು, ಹೀಗೆ. ಏಳನೆಯ ಮೆಟ್ಟಿಲು ಇವೆಲ್ಲಕ್ಕಿಂತ ಅವಳಿಗೆ ಪ್ರಿಯವಾದದ್ದು: ಒಂಟಿ ಗುರುತು ಎಲ್ಲಿದ್ದರೂ ಅದನ್ನು ಜೋಡಿ ಗುರುತು ಮಾಡುವುದು. ಒಬ್ಬ ಲೇಖಕರು ಒಂದೇ ಪಾತ್ರದ ಮಾತಿಗೆ ಈ ಪುಟದಲ್ಲಿ ಒಂಟಿ, ಆ ಪುಟದಲ್ಲಿ ಜೋಡಿ ಹಾಕಿ ತಂದಿದ್ದರು. ಯಾಕೆ ಸ್ವಾಮಿ ಎಂದು ಕೇಳಿದರೆ, ಯಾವ ಬೆರಳು ಮುಂದೆ ಬಂತೋ ಅದನ್ನು ಒತ್ತಿದೆ ಎಂದು ನಕ್ಕಿದ್ದರು. ಅಂದಿನಿಂದ ಲೇಖಕರ ಬೆರಳುಗಳ ಮೇಲೆ ಅವಳಿಗೆ ನಂಬಿಕೆ ಹೋಯಿತು. ಒಂದು ಕೀಲಿ ಒತ್ತಿದರೆ ಸಾಕು, ಹನ್ನೊಂದೂ ಮೆಟ್ಟಿಲು ತಾವಾಗಿ ಇಳಿದು ಫೈಲು ತೊಳೆದ ಬಟ್ಟೆಯ ಹಾಗೆ ಹೊರಬರುತ್ತಿತ್ತು.

ಅದೇ ಕೀಲಿಯನ್ನು ಅವಳು ಅಪ್ಪನ ಪುಸ್ತಕಕ್ಕೂ ಒತ್ತಿದಳು. ಎಡವಟ್ಟಾದದ್ದು ಅಲ್ಲಿಯೇ.

ಅಪ್ಪ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತವರು. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ವಿಚಾರಣೆ ಕಿಟಕಿಯ ಹತ್ತಿರ ಅಳುತ್ತಿದೆ ಎಂದು ಊರಿಗೆಲ್ಲ ಹೇಳುತ್ತಿದ್ದ ದನಿ ಅವರದು. ಕಂಚಿನಂಥ ಕಂಠ. ಅವರ ಮುಖ ನೋಡದವರೂ ದನಿ ಕೇಳಿ ಗುರುತು ಹಿಡಿಯುತ್ತಿದ್ದರು. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ದಿನವಿಡೀ ಮಾತಾಡಿ ದಣಿದಿರುತ್ತಾರೆ ಎಂದು ಮೊದಮೊದಲು ಅಮ್ಮ ಸಮಾಧಾನ ಹೇಳಿಕೊಂಡಳು. ರಜೆಯ ದಿನವೂ ಅದೇ ಕಥೆಯಾದಾಗ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಲು ಕಲಿತಳು. ಪ್ರಶ್ನೆ ಕೇಳಿ ಉತ್ತರವನ್ನೂ ಅವಳೇ ಕೊಟ್ಟುಕೊಂಡು, ಆ ಉತ್ತರದ ಮೇಲೆ ಅಪ್ಪನೊಡನೆ ಜಗಳವನ್ನೂ ಆಡಿ ಮುಗಿಸುವಳು.

ಮೂರು ವರ್ಷದ ಹಿಂದೆ ಅಪ್ಪನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಅಂದಿನಿಂದ ಅಪ್ಪನ ಕೈಯಲ್ಲಿ ಮಕ್ಕಳ ಸ್ಲೇಟು, ಜೇಬಿನಲ್ಲಿ ಬಳಪ. ಚಹಾ ಬೇಕು, ಕಿಟಕಿ ಮುಚ್ಚು, ಔಷಧಿ ಮುಗಿದಿದೆ. ಇಷ್ಟೇ ಬರೆಯುತ್ತಿದ್ದರು. ಆಮೇಲೆ ಒಂದು ದಿನ ಮಗಳ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಮನೆಗೆ ತರಿಸಿಕೊಂಡು ಎರಡು ವರ್ಷ ಒಂದೊಂದೇ ಕೀಲಿ ಹುಡುಕಿ ಹುಡುಕಿ ಒತ್ತಿದರು. ಹತ್ತಿರ ಹೋದರೆ ಪರದೆಗೆ ಬೆನ್ನು ಅಡ್ಡ ಹಿಡಿಯುವರು. ಮುಗಿದ ದಿನ ಪೆನ್‌ಡ್ರೈವನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡು ತಾವೇ ಅಂಗಡಿಗೆ ನಡೆದು ಬಂದರು. ಸ್ಲೇಟಿನ ಮೇಲೆ ಒಂದೇ ಷರತ್ತು ಬರೆದಿತ್ತು: ಪ್ರೂಫು ಮೊದಲು ನಿನ್ನ ಅಮ್ಮ ಓದಬೇಕು.

ಅಕ್ಷರದಕ್ಕನಿಗೆ ಖುಷಿಯಾಗದೆ ಇರಲಿಲ್ಲ. ಒಳ್ಳೆಯ ಕಾಗದ ಹೇಳಿದಳು, ಅಂಚು ಧಾರಾಳವಾಗಿ ಬಿಟ್ಟಳು, ಹೊದಿಕೆಗೆ ಮೈಕಿನ ಚಿತ್ರ ಹಾಕಿಸಿದಳು. ಫೈಲಿಗೆ ಸ್ನಾನ ಮಾಡಿಸಿ, ಮೂರು ವಾರ ಕೂತು ಕಾಗುಣಿತ ತಿದ್ದಿ, ಸಾಲು ಸಾಲನ್ನೂ ಹದಕ್ಕೆ ತಂದು ಇನ್ನೂರ ಹನ್ನೆರಡು ಪುಟ ಮಾಡಿದಳು. ಒಂದು ಪುಟವನ್ನಾದರೂ ಓದಿದಳೇ ಎಂದು ಕೇಳಬೇಡಿ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪುಸ್ತಕದ ಫೈಲು ಶುಕ್ರವಾರ ಅಚ್ಚಿಗೆ ಹೋಗಬೇಕಿತ್ತು. ಅದರ ಮರುವಾರ ಬಸ್ ನಿಲ್ದಾಣದ ಕಾಯುವ ಕೋಣೆಯಲ್ಲಿ ಅಪ್ಪನ ಹಳೆಯ ಜೊತೆಗಾರರು ಸೇರಿ ಬಿಡುಗಡೆ ಇಟ್ಟುಕೊಂಡಿದ್ದರು. ಹಿಂದಿನ ಶನಿವಾರ ಅಮ್ಮ ಕನ್ನಡಕ ಒರೆಸಿಕೊಂಡು ಪ್ರೂಫಿನ ಕಟ್ಟು ಬಿಚ್ಚಿ ಊಟದ ಮೇಜಿಗೆ ಕೂತಳು. ಬಸ್ ನಿಲ್ದಾಣದ ಪುಟಗಳನ್ನು ಓದುವಾಗ ನಕ್ಕಳು, ನಡುನಡುವೆ ಗಟ್ಟಿಯಾಗಿ ಓದಿಯೂ ಹೇಳಿದಳು. ಭಾನುವಾರ ನಗು ಕಡಿಮೆಯಾಯಿತು. ಸೋಮವಾರ ಬೆಳಿಗ್ಗೆ ಕಟ್ಟನ್ನು ಮತ್ತೆ ದಾರ ಸುತ್ತಿ ಬೀರುವಿನ ಮೇಲಿಟ್ಟು ಅಡುಗೆಮನೆಗೆ ಹೋದವಳು ಆಮೇಲೆ ಒಂದು ಮಾತೂ ಆಡಲಿಲ್ಲ.

ಆ ಮನೆಯಲ್ಲಿ ಮಾತಾಡುತ್ತಿದ್ದುದೇ ಅವಳೊಬ್ಬಳು. ಅವಳೂ ಬಾಯಿ ಮುಚ್ಚಿದ ಮೇಲೆ ಗಡಿಯಾರದ ಸದ್ದು, ನಲ್ಲಿಯ ಸದ್ದು, ಅಪ್ಪನ ಬಳಪದ ಕಿರಗುಟ್ಟುವಿಕೆ ಇಷ್ಟೇ ಉಳಿಯಿತು. ತಟ್ಟೆ ಇಡುವಳು, ಲೋಟ ಇಡುವಳು, ಅಪ್ಪನ ಮುಖ ನೋಡದೆ ಹೋಗುವಳು. ಮಂಗಳವಾರ ಅಪ್ಪ ಮಗಳ ಕೋಣೆಯ ಬಾಗಿಲಿಗೆ ಬಂದು ಸ್ಲೇಟು ತೋರಿಸಿದರು: ಪುಸ್ತಕ ಬೇಡ. ನಿನ್ನ ಅಮ್ಮನಿಗೆ ಇಷ್ಟವಾಗಲಿಲ್ಲ. ಬರೆದದ್ದನ್ನು ಅಂಗೈಯಲ್ಲೇ ಒರೆಸಿಬಿಟ್ಟರು. ಎರಡು ವರ್ಷ ಒಂದೊಂದೇ ಕೀಲಿ ಒತ್ತಿದವರು ಎರಡು ಸಾಲಿನಲ್ಲಿ ಕೈಚೆಲ್ಲಿ ಕೂತಿದ್ದರು.

ಅಕ್ಷರದಕ್ಕ ನೇರವಾಗಿ ಅಡುಗೆಮನೆಗೆ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಏನಾಯಿತು ಹೇಳುವ ತನಕ ಇಲ್ಲಿಂದ ಕದಲುವುದಿಲ್ಲ ಎಂದು ಹಟ ಹಿಡಿದಳು. ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಬೀರುವಿನ ಮೇಲಿನ ಕಟ್ಟು ತಂದು ನೂರ ಆರನೆಯ ಪುಟ ಬಿಚ್ಚಿಟ್ಟಳು. ಅಕ್ಷರದಕ್ಕ ಹುಟ್ಟಿದಾಗಿನ ಪುಟ ಅದು. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತು ಅಪ್ಪ ಅಮ್ಮನಿಗೆ ಹೀಗೆ ಹೇಳಿದರೆಂದು ಅಚ್ಚುಕಟ್ಟಾದ ಜೋಡಿ ಗುರುತುಗಳ ನಡುವೆ ಇತ್ತು: “ಮಗು ನಿನ್ನ ಹಾಗೇ ಇದೆ. ಅದಕ್ಕಿಂತ ಹೆಚ್ಚಾಗಿ ನೀನು ಬದುಕಿಕೊಂಡೆಯಲ್ಲ. ನನಗೆ ಅಷ್ಟು ಸಾಕು.”

“ಇದನ್ನ ಅವರು ಹೇಳಲೇ ಇಲ್ಲ” ಎಂದಳು ಅಮ್ಮ. “ನಾಲ್ಕೂವರೆಗೆ ಡ್ಯೂಟಿ ಇದೆ ಅಂದ್ರು, ಹೋದ್ರು. ಎರಡು ದಿನ ಸಾವು ಬದುಕಿನ ಮಧ್ಯೆ ಇದ್ದು ಕಣ್ಣು ಬಿಟ್ಟಿದ್ದೆ ನಾನು. ಇಂಥ ಒಂದು ಮಾತು ಹೇಳಿದ್ದಿದ್ರೆ ಮರೀತಿದ್ನಾ? ಆ ಒಂದು ಮಾತಿಗೆ ಎಷ್ಟು ವರ್ಷ ಕಾದೆ ಅಂತ ನಿಂಗೇನು ಗೊತ್ತು. ಈಗ ಹೇಳಿದ್ದೆ ಅಂತ ಅಚ್ಚು ಹಾಕಿಸ್ತಾರೆ. ಊರವರೆಲ್ಲ ಓದಿ, ಎಂಥ ಗಂಡ ಸಿಕ್ಕಿದ್ದ ಪುಣ್ಯವಂತೆಗೆ ಅಂತಾರೆ. ನಾನು ಹೌದು ಹೌದು ಅಂತ ತಲೆ ಆಡಿಸಬೇಕು.”

ಅದೊಂದೇ ಅಲ್ಲ, ಅಂಥವು ನೂರಾರು ಇವೆ ಎಂದು ಅಮ್ಮ ಪುಟ ತಿರುವಿ ತಿರುವಿ ತೋರಿಸಿದಳು. ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಸುಳ್ಳು ಎಂದು ಬರೆದಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅತ್ತಿದ್ದರೆ ಮಗಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪ ಸುಳ್ಳು ಹೇಳುವವರಲ್ಲ. ಎರಡು ನಿಮಿಷ ತಡವಾದ ಬಸ್ಸನ್ನು ಎರಡು ನಿಮಿಷ ತಡ ಎಂದೇ ಹೇಳಿದವರು, ಒಂದು ನಿಮಿಷ ಎಂದು ಹೇಳಿ ಮುಚ್ಚಿಹಾಕಿದವರಲ್ಲ. ಹಾಗಾದರೆ ಈ ಪುಟ ಎಲ್ಲಿಂದ ಬಂತು? ಅಕ್ಷರದಕ್ಕ ಅಪ್ಪನ ಹಳೆಯ ಕಂಪ್ಯೂಟರಿನ ಮುಂದೆ ಕೂತು ಮೂಲ ಫೈಲು ತೆರೆದಳು. ಆಸ್ಪತ್ರೆಯ ಜಾಗ ಹುಡುಕಿದಳು. ಮಾತುಗಳು ಅವೇ. ಆದರೆ ಆಚೆ ಈಚೆ ಇದ್ದದ್ದು ಒಂದೊಂದೇ ಪುಟ್ಟ ಗೀಟು. ಒಂಟಿ ಗುರುತು. ಏಳನೆಯ ಮೆಟ್ಟಿಲು ತನ್ನ ಕೆಲಸ ಮಾಡಿದೆ, ಅದರಲ್ಲೇನು ಎಂದುಕೊಂಡು ಮುಂದೆ ಸರಿದವಳು ಅದರ ಕೆಳಗಿನ ಸಾಲಿಗೆ ನಿಂತಳು. “ನಾಲ್ಕೂವರೆಗೆ ಡ್ಯೂಟಿ ಇದೆ.” ಅಲ್ಲಿ ಜೋಡಿ ಗುರುತು ಇತ್ತು. ಅವಳು ಮೇಲಕ್ಕೆ ಹೋದಳು, ಕೆಳಕ್ಕೆ ಬಂದಳು. ಬಸ್ ನಿಲ್ದಾಣದ ಮಾತುಗಳಿಗೆಲ್ಲ ಜೋಡಿ. ಮನೆಯ ಮಾತುಗಳಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎಂಬಂಥವಕ್ಕೆ ಜೋಡಿ. ಉಳಿದವಕ್ಕೆಲ್ಲ ಒಂಟಿ. ಎಲ್ಲೂ ಬೆರಳು ತಪ್ಪಿರಲಿಲ್ಲ.

ಅಪ್ಪ ಬೆನ್ನ ಹಿಂದೆಯೇ ನಿಂತಿದ್ದರು. ಅವಳು ಪರದೆಯ ಮೇಲೆ ಬೆರಳಿಟ್ಟು ಇದು ಯಾಕೆ ಹೀಗೆ ಎಂದು ಕೇಳಿದಳು. ಅಪ್ಪ ನಿಧಾನವಾಗಿ ಬರೆದರು: ಜೋಡಿ ಅಂದರೆ ಹೇಳಿದ್ದು. ಒಂಟಿ ಅಂದರೆ ಹೇಳಬೇಕು ಅಂದುಕೊಂಡು ಹೇಳದೆ ಹೋದದ್ದು. ಓದಿದವರಿಗೆ ಗೊತ್ತಾಗುತ್ತೆ ಅಂದುಕೊಂಡೆ. ಸ್ಲೇಟು ತುಂಬಿತು. ಒರೆಸಿ ಇನ್ನೊಂದು ಸಾಲು ಬರೆದರು: ನೀನು ಓದಲಿಲ್ಲವಾ?

ಬೈದು ಬರೆದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ‘ಮೂರು ವಾರ ನಿಮ್ಮ ಅಲ್ಪವಿರಾಮಗಳನ್ನು ನೋಡಿದೆ ಅಪ್ಪ, ನಿಮ್ಮನ್ನು ನೋಡಲಿಲ್ಲ.’ ಅಕ್ಷರದಕ್ಕ ಇಷ್ಟು ಹೇಳಬೇಕೆಂದುಕೊಂಡಳು, ಹೇಳಲಿಲ್ಲ. ಈ ವಿಷಯದಲ್ಲಿ ಅವಳು ಅಪ್ಪನ ಮಗಳೇ.

ಅಮ್ಮನ ಹತ್ತಿರ ಓಡಿ ತಪ್ಪು ನನ್ನದು, ಅಪ್ಪನದಲ್ಲ ಎಂದು ಬಡಬಡಿಸಿದ್ದೂ ಆಯಿತು. ಅಮ್ಮ ಕೇಳಿಸಿಕೊಂಡು, ಅಪ್ಪನ ಪರವಾಗಿ ವಕೀಲಿಕೆ ಮಾಡಬೇಡ, ಒಂದು ಗೀಟು ಎರಡಾದರೆ ನಿಜ ಸುಳ್ಳಾಗುತ್ತದೆ ಎಂದರೆ ನಂಬುವುದಕ್ಕೆ ನಾನೇನು ಎಳೆಮಗುವಾ ಎಂದು ಒಲೆಯ ಕಡೆ ತಿರುಗಿದಳು. ಬಾಯಿ ಮಾತಿನಿಂದ ಆಗುವ ಕೆಲಸ ಇದಲ್ಲ, ಪುಟವೇ ಹೇಳಬೇಕು ಎಂದು ಅಕ್ಷರದಕ್ಕನಿಗೆ ಖಾತ್ರಿಯಾಯಿತು.

ಬುಧವಾರ ಅಂಗಡಿಯ ಶಟರು ಅರ್ಧ ಇಳಿಸಿ, ಒಳಗೆ ಬಂದವರಿಗೆಲ್ಲ ನಾಳಿದ್ದು ಬನ್ನಿ ಎಂದು ಹೇಳಿ ಕಳಿಸಿ, ಎಡಗಡೆ ಮೂಲ ಫೈಲು, ಬಲಗಡೆ ಜೋಡಿಸಿದ ಪುಟಗಳನ್ನು ತೆರೆದುಕೊಂಡು ಕೂತಳು. ಒಂದು ಕೀಲಿಯಲ್ಲಿ ಕೆಡಿಸಿದ್ದನ್ನು ಒಂದು ಕೀಲಿಯಲ್ಲಿ ಸರಿಮಾಡಲು ಬರುವುದಿಲ್ಲ. ಹೊಸ ಫೈಲಿನಲ್ಲಿ ಎಲ್ಲವೂ ಜೋಡಿಯೇ. ಯಾವುದು ಮೊದಲಿಂದ ಜೋಡಿ, ಯಾವುದು ಅವಳು ಕಟ್ಟಿಹಾಕಿದ ಜೋಡಿ ಎನ್ನುವುದು ಯಂತ್ರಕ್ಕೆ ಗೊತ್ತಿಲ್ಲ. ಹಳೆಯದಕ್ಕೆ ಮತ್ತೆ ಸ್ನಾನ ಮಾಡಿಸೋಣವೆಂದರೆ ಮೂರು ವಾರದ ತಿದ್ದುಪಡಿ ನೀರುಪಾಲು. ಹಾಗಾಗಿ ಒಂದೊಂದೇ ಮಾತನ್ನು ಅಲ್ಲಿ ಓದಿ, ಇಲ್ಲಿ ಹುಡುಕಿ, ಕೈಯಾರೆ ಬದಲಿಸಬೇಕಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳು ತಾನು ಜೋಡಿಸಿದ ಪುಸ್ತಕವನ್ನು ಓದಿದಳು.

ಎಷ್ಟು ನಕ್ಕಳೋ ಅಷ್ಟೇ ಅತ್ತಳು. ಸೋದರಮಾವ ಬಂದು ಊಟಕ್ಕೆ ಕೂತ ದಿನದ ಪುಟದಲ್ಲಿ ಇತ್ತು: ‘ನಿಮ್ಮಣ್ಣ ಈ ಜೋಕು ಹೇಳ್ತಿರೋದು ಇದು ಹದಿನೇಳನೇ ಸಲ. ನೀನು ನಗೋದು ನೋಡೋಕೆ ಅಂತ ನಾನೂ ನಗ್ತೀನಿ.’ ಅಮ್ಮನಿಗೆ ಜ್ವರ ಬಂದಿದ್ದ ದಿನ: ‘ಉಪ್ಪು ವಿಪರೀತವಾಗಿದೆ. ಎದ್ದು ಬಂದು ಮಾಡಿದೆಯಲ್ಲ, ನಿನ್ನ ಕೈ ಹಿಡ್ಕೊಂಡು ಹೇಳಬೇಕು ಅನ್ನಿಸ್ತಿದೆ, ಮಲಕ್ಕೋ ಹೋಗು ಅಂತ.’ ಅದರ ಕೆಳಗೆ ಜೋಡಿ ಗುರುತಿನಲ್ಲಿ ಆ ದಿನ ಬಾಯಿಂದ ಬಂದ ಮಾತು: “ನೀರು ಕೊಡು.”

ಗುರುವಾರ ಬೆಳಿಗ್ಗೆ ನೂರ ಎಂಬತ್ತನೆಯ ಪುಟದಲ್ಲಿ ಅವಳ ಕೈ ನಿಂತುಬಿಟ್ಟಿತು. ಅವಳು ಅಂಗಡಿ ತೆರೆದ ದಿನ ಅಪ್ಪ ಬಂದು, ಎಲ್ಲ ನೋಡಿ, “ಶಟರಿಗೆ ಎಣ್ಣೆ ಹಾಕಿಸು” ಎಂದು ಹೇಳಿ ಹೋದದ್ದು ಅವಳಿಗೆ ನೆನಪಿತ್ತು. ಆ ಮಾತು ಹದಿನೆಂಟು ವರ್ಷದಿಂದ ಮುಳ್ಳಿನ ಹಾಗೆ ಒಳಗೆ ಉಳಿದಿತ್ತು. ಪುಟದಲ್ಲಿ ಆ ಮಾತಿನ ಮುಂದೆ ಇತ್ತು: ‘ಆಮೇಲೆ ಎದುರಿನ ರಸ್ತೆ ದಾಟಿ ಒಂದು ಗಂಟೆ ನಿಂತುಕೊಂಡು ನೋಡಿದೆ ಪಾಪು. ಮೂರು ಜನ ಒಳಗೆ ಬಂದರು. ಬೋರ್ಡಿನ ಅಕ್ಷರ ತುಂಬಾ ಚೆನ್ನಾಗಿದೆ.’ ಅಕ್ಷರದಕ್ಕ ಮೇಜಿಗೆ ತಲೆಯಿಟ್ಟು ಸಣ್ಣ ಮಗುವಿನ ಹಾಗೆ ಅತ್ತಳು. ಬೀಗದವನು ಶಟರಿನ ಕೆಳಗಿಂದ ಬಗ್ಗಿ ನೋಡಿ, ಕಂಪ್ಯೂಟರು ಕೆಟ್ಟುಹೋಯಿತೇ ಎಂದು ವಿಚಾರಿಸಿದನು. ಇಲ್ಲ, ಸರಿಹೋಗುತ್ತಿದೆ ಎಂದು ಹೇಳಿ ಅವನನ್ನು ಕಳಿಸಿದಳು.

ಮೂಲ ಫೈಲಿನಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತು. ಪ್ರತಿ ಘೋಷಣೆಯ ಮುಂದೆ ಅಪ್ಪ ಹಳೆಯ ಫಾಂಟಿನಲ್ಲಿದ್ದ ಒಂದು ಪುಟಾಣಿ ಗಂಟೆಯ ಚಿತ್ರ ಹಾಕಿದ್ದರು, ನಿಲ್ದಾಣದಲ್ಲಿ ಘೋಷಣೆಗೆ ಮೊದಲು ಬಾರಿಸುತ್ತಿದ್ದ ಗಂಟೆ. ಹೊಸ ಫಾಂಟಿನಲ್ಲಿ ಗಂಟೆ ಇಲ್ಲದ್ದರಿಂದ ಅದು ಖಾಲಿ ಡಬ್ಬಿಯಾಗಿ, ಡಬ್ಬಿಗಳನ್ನು ಕಿತ್ತುಹಾಕುವ ಮೆಟ್ಟಿಲಿಗೆ ಬಲಿಯಾಗಿತ್ತು. ಬೇರೊಂದು ಫಾಂಟಿನಿಂದ ಗಂಟೆ ಕಡ ತಂದು ಎಲ್ಲವನ್ನೂ ಅವುಗಳ ಜಾಗಕ್ಕೆ ಮರಳಿ ತೂಗುಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರೂಫು ತೆಗೆದು, ಅದರ ಜೊತೆಗೆ ಅಪ್ಪನ ಮೂಲ ಫೈಲನ್ನೂ ಇದ್ದ ಹಾಗೆಯೇ ಮುದ್ರಿಸಿ, ಎರಡನ್ನೂ ಅಮ್ಮನ ಮುಂದಿಟ್ಟಳು. ತಪ್ಪು ಮಾಡಿದ್ದು ನಾನು, ನಂಬದಿದ್ದರೆ ಎರಡೂ ಪಕ್ಕಪಕ್ಕ ಇಟ್ಟು ನೋಡು ಎಂದಷ್ಟೇ ಹೇಳಿ ಅಂಗಡಿಗೆ ವಾಪಸಾದಳು. ಅಲ್ಲಿ ಕೂರಲಾಗಲಿಲ್ಲ. ಚಹಾ ತರಿಸಿದಳು, ಕುಡಿಯುವುದನ್ನು ಮರೆತಳು. ಗೋಡೆಯ ಮೇಲಿನ ಪಟ್ಟಿಯಲ್ಲಿ ಏಳನೆಯ ಸಾಲಿನ ಮೇಲೆ ಅಡ್ಡ ಗೀಟು ಎಳೆದು, ಪಕ್ಕದಲ್ಲಿ ಮೊದಲು ಓದು ಎಂದು ಬರೆದಳು. ಇಳಿಬಿಸಿಲು ಇರುವಾಗಲೇ ಶಟರು ಎಳೆದು ಮನೆಗೆ ನಡೆದಳು.

ಅಮ್ಮ ಇನ್ನೂ ಊಟದ ಮೇಜಿನ ಹತ್ತಿರವೇ ಇದ್ದಳು. ಮೂಗು ಕೆಂಪಾಗಿತ್ತು. ಅಪ್ಪ ಗೋಡೆಯ ಪಕ್ಕದ ಕುರ್ಚಿಯಲ್ಲಿ, ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ, ಸ್ಲೇಟನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದರು. ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಬರಹ ತುಂಬಿತ್ತು. ಈ ಸಲ ಸುಳ್ಳು ಎಂದಿರಲಿಲ್ಲ. ಉಪ್ಪಿನ ಪಕ್ಕದಲ್ಲಿ: ಗೊತ್ತಿತ್ತು, ನಾನೂ ಅದನ್ನೇ ತಿಂದೆನಲ್ಲ. ಅಣ್ಣನ ಜೋಕಿನ ಪಕ್ಕದಲ್ಲಿ: ನನಗೂ ನಗು ಬರುತ್ತಿರಲಿಲ್ಲ, ನೀವು ನಗುತ್ತೀರೆಂದು ನಕ್ಕೆ. ಒಂದು ಕಡೆ ಬರೀ ಅಯ್ಯೋ ಎಂದಿತ್ತು, ಅದರ ಕೆಳಗೆ ಎರಡು ಗೀಟು.

ಅಕ್ಷರದಕ್ಕ ಇವನ್ನೂ ಜೋಡಿಸಿಬಿಡುತ್ತೇನೆ, ಪುಸ್ತಕಕ್ಕೆ ಕಳೆ ಬರುತ್ತದೆ ಎಂದಳು. ಅಮ್ಮ ಕಟ್ಟಿನ ಮೇಲೆ ಕೈ ಇಟ್ಟಳು. ಇದು ಊರಿಗಲ್ಲ, ಅವರಿಗೆ, ನೀನು ನಿನ್ನ ಫೈಲು ಅಚ್ಚಿಗೆ ಕಳಿಸು ಎಂದಳು. ಅಪ್ಪನ ಎದುರು ಅವಳು ಬಾಯಿ ಬಿಟ್ಟು ನಾಲ್ಕು ದಿನವಾಗಿತ್ತು. ಅಪ್ಪನ ಕುರ್ಚಿ ಸದ್ದು ಮಾಡಿತು.

ಅಮ್ಮ ನೂರ ಆರನೆಯ ಪುಟವನ್ನು ಎತ್ತಿಕೊಂಡಳು. ಅದರ ಅಂಚು ಮಾತ್ರ ಖಾಲಿಯಿತ್ತು. ಎದ್ದು ಹೋಗಿ ಅಪ್ಪನ ಎದುರು ನಿಂತು, ಪುಟವನ್ನು ಅವರ ಮೊಣಕಾಲಿನ ಮೇಲಿಟ್ಟಳು.

“ರೀ, ಇದಕ್ಕೆ ನಾನು ಉತ್ತರ ಬರೆದಿಲ್ಲ” ಎಂದಳು. “ಹೇಳದೆ ಇರೋ ಮಾತಿಗೆ ಏನಂತ ಉತ್ತರ ಕೊಡಲಿ? ಮೊದಲು ಹೇಳಿ.”

ಅಪ್ಪನ ಕೈ ಗಂಟಲಿನ ಕಡೆ ಹೋಯಿತು. ಅಮ್ಮ ಅಲ್ಲಾಡಲಿಲ್ಲ. ಆ ಕೈ ಹಾಗೆಯೇ ಜೇಬಿಗೆ ಇಳಿದು ಬಳಪ ಹುಡುಕಿತು. ಅವರು ಪುಟ ನೋಡಿ ನಕಲು ಮಾಡಲಿಲ್ಲ. ಕಣ್ಣು ಸ್ಲೇಟಿನ ಮೇಲೇ ಇತ್ತು. ಮಗು ನಿನ್ನ ಹಾಗೇ ಇದೆ. ಅದಕ್ಕಿಂತ ಹೆಚ್ಚಾಗಿ ನೀನು ಬದುಕಿಕೊಂಡೆಯಲ್ಲ. ನನಗೆ ಅಷ್ಟು ಸಾಕು. ಆಮೇಲೆ ಬಳಪದ ಮೂಲೆಯಿಂದ ಮೊದಲ ಅಕ್ಷರದ ಮುಂದೆ ಒಂದು ಪುಟ್ಟ ಗುರುತು ಹಾಕಿದರು. ಅದರ ಪಕ್ಕದಲ್ಲಿ ಇನ್ನೊಂದು. ಕೊನೆಯಲ್ಲಿಯೂ ಹಾಗೆಯೇ, ಒಂದು, ಪಕ್ಕದಲ್ಲಿ ಇನ್ನೊಂದು, ಮಗಳ ಪಟ್ಟಿಯಲ್ಲಿ ಹೇಳಿದಂತೆ ಸರಿಯಾಗಿ ಬಾಗಿಸಿ. ಸ್ಲೇಟನ್ನು ಅಮ್ಮನ ಕಡೆ ತಿರುಗಿಸಿದರು.

ಅಮ್ಮ ಬಗ್ಗಿ ಓದಿದಳು.

“ಈಗ ಕೇಳಿಸ್ತು” ಎಂದಳು.

ಶುಕ್ರವಾರ ಫೈಲು ಅಚ್ಚಿಗೆ ಹೋಯಿತು. ಅಷ್ಟು ಹೊತ್ತಿಗೆ ಅಮ್ಮ ನಾಲ್ಕು ದಿನದ ಬಾಕಿ ಮಾತನ್ನೆಲ್ಲ ಆಡಿ ಮುಗಿಸಿ, ಬಸ್ ನಿಲ್ದಾಣಕ್ಕೆ ಯಾವ ಬಣ್ಣದ ಬಟ್ಟೆ ಉಡಬೇಕೆಂದು ತನಗೆ ತಾನೇ ವಾದ ಹಾಕುತ್ತಿದ್ದಳು. ಆ ಸ್ಲೇಟನ್ನು ಒರೆಸಲು ಅವಳು ಬಿಡಲಿಲ್ಲ. ಬೀರುವಿನೊಳಗೆ ಇಟ್ಟು ಬೀಗ ಹಾಕಿಕೊಂಡಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯ ಅಂಗಡಿಗೆ ಹೋಗಿ ಹೊಸ ಸ್ಲೇಟು ತಂದರು, ಹಳೆಯದಕ್ಕಿಂತ ದೊಡ್ಡದು.